ಶಂಭುಲಿಂಗನ ಬೆಟ್ಟದ ಶ್ರೀ ನಿಜಗುಣ ಶಿವಯೋಗಿಗಳು

ಕೊಳ್ಳೇಗಾಲದ ಸೀಮೆಯಲ್ಲಿ ಚಿಲುಕವಾಡಿ ಗ್ರಾಮದ ಬಳಿ ಶಂಭುಲಿಂಗನ ಬೆಟ್ಟವಿದೆ. ಅದನ್ನೇರಿ ನಿಂತ ಭಕ್ತನ ಕಣ್ಣಿಗೆ ಕೆಳಗಿನ ಊರುಗಳೂ ಹೊಲಗದ್ದೆಗಳೂ ದೂರದ ಬಿಳಿಗಿರಿಯ ಸಾಲೂ ಒಮ್ಮೆಗೇ ಗೋಚರಿಸುತ್ತವೆ. ಶ್ರೀ ನಿಜಗುಣ ಶಿವಯೋಗಿಗಳು ತಪಗೈದ ಪುಣ್ಯಸ್ಥಳವಿದು.

ವಿಜಯನಗರದ ಕಾಲದಲ್ಲಿ ಬಾಳಿದ ಈ ಮಹನೀಯರು ಪೂರ್ವಾಶ್ರಮದಲ್ಲಿ ಆ ಸೀಮೆಯನ್ನಾಳುತ್ತಿದ್ದ ಅರಸರೆಂದೂ, ವೈರಾಗ್ಯವು ಬಲಿಯಲು ಅಧಿಕಾರವನ್ನು ತೊರೆದು ಬೆಟ್ಟದ ಗುಹೆಯನ್ನು ಸೇರಿದರೆಂದೂ ಪರಂಪರೆಯು ಹೇಳುತ್ತ ಬಂದಿದೆ. ತೊರೆದುದನ್ನು ಕಾಣದ ದೂರದೇಶಕ್ಕೆ ಹೋದವನಿಗೆ ಮರೆವು ಸುಲಭ. ತೊರೆದುದು ದಿನವೂ ಕಣ್ಣೆದುರಿಗೆ ಹರಡಿಕೊಂಡಿರುವಾಗ ಮಮಕಾರವು ಮರಳಿ ಚಿಗುರದಂತೆ ಬಾಳುವುದೇ ಕಠಿನವಾದ ತಪಸ್ಸು. ಅರಸನ ಕಣ್ಣಿಗೆ ಆ ಬಯಲು ತನ್ನ ರಾಜ್ಯ. ಶಿವಯೋಗಿಯ ಕಣ್ಣಿಗೆ ಅದೇ ಬಯಲು ಶಿವನ ಲೀಲಾಸ್ಥಾನ. ನೆಲವು ಬದಲಾಗಲಿಲ್ಲ, ನೋಟವು ಬದಲಾಯಿತು.

ಹಾಗೆಂದು ಅವರು ಕೆಳಗಿನ ಜನರನ್ನು ಮರೆಯಲಿಲ್ಲ. ಸಂಸ್ಕೃತವನ್ನರಿಯದವರಿಗೂ ಮೋಕ್ಷಶಾಸ್ತ್ರವು ದೊರೆಯಬೇಕೆಂದು ಕನ್ನಡದಲ್ಲಿಯೇ ಗ್ರಂಥಗಳನ್ನು ರಚಿಸಿದರು. ಅನುಭವಸಾರ, ಪರಮಾನುಭವಬೋಧೆ, ಪರಮಾರ್ಥಗೀತೆಗಳಲ್ಲಿ ತತ್ತ್ವವನ್ನು ನಿರೂಪಿಸಿದರು; ಶಿವಯೋಗಪ್ರದೀಪಿಕೆಗೆ ಪರಮಾರ್ಥಪ್ರಕಾಶಿಕೆಯೆಂಬ ಟೀಕೆಯನ್ನು ಬರೆದರು; ಪುರಾತನ ಶರಣರನ್ನು ತ್ರಿವಿಧಿಯಲ್ಲಿ ಸ್ತುತಿಸಿದರು. ಗದ್ಯರೂಪವಾದ ವಿವೇಕಚಿಂತಾಮಣಿಯಲ್ಲಿ ವೇದಾಂತ, ಶೈವಾಗಮ, ಯೋಗ, ಸಂಗೀತ ಮೊದಲಾದ ಅನೇಕ ವಿದ್ಯೆಗಳ ಸಾರವನ್ನು ಒಂದೆಡೆ ಕೂಡಿಸಿದರು. ಬೆಟ್ಟದ ತುದಿಯಿಂದ ನಾಡೆಲ್ಲವೂ ಕಾಣುವಂತೆ ಈ ಗ್ರಂಥದಿಂದ ಶಾಸ್ತ್ರಗಳೆಲ್ಲವೂ ಕಾಣುತ್ತವೆ. ಅದು 1604ರಲ್ಲಿ ಮರಾಠಿಗೂ 1652ರಲ್ಲಿ ಸಂಸ್ಕೃತಕ್ಕೂ ಅನುವಾದವಾಯಿತು. ಸಂಸ್ಕೃತದಿಂದ ಕನ್ನಡಕ್ಕೆ ಇಳಿದುಬಂದ ಜ್ಞಾನವು ಕನ್ನಡದಿಂದ ಸಂಸ್ಕೃತಕ್ಕೆ ಮರಳಿದುದು ನಮ್ಮ ನುಡಿಗೆ ಸಂದ ಗೌರವ.

ಶಾಸ್ತ್ರವನ್ನೋದಲಾರದವರಿಗೂ ಅವರು ದಾರಿಯನ್ನು ತೆರೆದರು. ಕೈವಲ್ಯಪದ್ಧತಿಯ ಹಾಡುಗಳನ್ನು ರಾಗಗಳಿಗೆ ಹೊಂದಿಸಿ, ಶಂಭುಲಿಂಗನ ಅಂಕಿತದಲ್ಲಿ ಲೋಕಕ್ಕೆ ನೀಡಿದರು. ಮಠಗಳ ಭಜನೆಯಲ್ಲಿ ಅವು ಇಂದಿಗೂ ಕೇಳಿಬರುತ್ತವೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರು (1836–1929) ನಿಜಗುಣರ ಶಾಸ್ತ್ರವನ್ನೇ ಜನಸಾಮಾನ್ಯರಿಗೆ ಬೋಧಿಸಿ ಉತ್ತರ ಕರ್ನಾಟಕದ ಮನೆಮನೆಗೂ ಮುಟ್ಟಿಸಿದರು.

ಮನೆಮಠ, ಹೊಲ, ಮಕ್ಕಳನ್ನು ಬಿಟ್ಟು ಗುಹೆಯನ್ನು ಸೇರುವುದು ಗೃಹಸ್ಥರೆಲ್ಲರಿಗೂ ಸಾಧ್ಯವಲ್ಲ, ಅಗತ್ಯವೂ ಅಲ್ಲ. ಆದರೆ ಆ ಬೆಟ್ಟಕ್ಕೆ ಹೋದ ಭಕ್ತರು ಗದ್ದುಗೆಗೆ ನಮಸ್ಕರಿಸಿ, ನೋಟವನ್ನು ಕಂಡು ಹರ್ಷಪಟ್ಟು ಇಳಿದುಬಂದರೆ ಸಾಲದು. ತನ್ನ ಮನೆ ಹೊಲಗಳನ್ನು ಶಿವನು ಕೊಟ್ಟ ಒಡವೆಯೆಂದು ಒಮ್ಮೆಯಾದರೂ ಕಾಣಬೇಕು. ಆ ಕಾಣ್ಕೆಯೊಡನೆ ಮನೆಗೆ ಮರಳಿದವನ ಯಾತ್ರೆಯೇ ಸಫಲವಾದ ಯಾತ್ರೆ.