ಗೀಸರ್ರೋ ಹೀಟ್ ಪಂಪೋ? ಕಾರ್ನೋ ಲೆಕ್ಕ

ಥರ್ಮೋ ಕ್ಲಾಸಲ್ಲಿ ನಮ್ಮ ನಿದ್ದೆಗೆಡಿಸೋ ಸಾದಿ ಕಾರ್ನೋ 1796ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. 16ಕ್ಕೇ ಎಂಜಿನಿಯರಿಂಗ್ ಓದೋಕೆ ಸೇರಿದ. 1824ರಲ್ಲಿ ಒಂದೇ ಒಂದು ಪುಸ್ತಕ ಪ್ರಕಟಿಸಿದ; ಆಗ ಓದಿದವರೇ ಕಮ್ಮಿ. 1832ರಲ್ಲಿ, ಬರೀ 36 ವರ್ಷಕ್ಕೆ, ಕಾಲರಾದಿಂದ ತೀರಿಕೊಂಡ.

ಶಾಖದಿಂದ ಹೆಚ್ಚೆಂದರೆ ಎಷ್ಟು ಕೆಲಸ ಸಿಗುತ್ತೆ ಅನ್ನೋದನ್ನು ಬಿಸಿ ಕಡೆಯ ಮತ್ತು ತಣ್ಣನೆ ಕಡೆಯ ಉಷ್ಣಾಂಶಗಳೇ ನಿರ್ಧರಿಸುತ್ತವೆ ಎಂದು ಆ ಪುಸ್ತಕ ತೋರಿಸಿತು. ಅವನ ಎಂಜಿನ್ನನ್ನು ಉಲ್ಟಾ ಓಡಿಸಿದರೆ ಹೀಟ್ ಪಂಪ್: ಗಾಳಿಯ ಶಾಖವನ್ನು ನೀರಿಗೆ ಸಾಗಿಸುತ್ತೆ.

ಬೆಚ್ಚಗಿನ ಊರಲ್ಲಿ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ. ಗೀಸರ್‌ನಲ್ಲಿ 1 ದಾಟಲ್ಲ. ಗಾಳಿ ತಣ್ಣಗಾದಷ್ಟೂ ಲಾಭ ಇಳಿಯುತ್ತೆ. ಹಾಗಾಗಿ ಮನೆ ತುಂಬ ಜನ, ಗಾಳಿಯಾಡೋ ಜಾಗ ಇದ್ದರೆ ಹೀಟ್ ಪಂಪ್ ತರೋಣ. ದಿನಕ್ಕೆ ಎರಡೇ ಬಕೆಟ್ ಬಿಸಿನೀರಿಗೆ ಅಷ್ಟು ದುಡ್ಡು ಸುರಿಯೋದು ಬೇಡ, ಗೀಸರೇ ಸಾಕು.