ದರ್ಜಿಯ ಮಗ ಸೈನಿಕನಾದದ್ದು

ಹವಾಲ್ದಾರ್ ಅಬ್ದುಲ್ ಹಮೀದ್ ಅಂದ್ರೆ ನಮಗೆ ನೆನಪಾಗುವುದು 1965ರ ಯುದ್ಧ ಮತ್ತು ಪರಮವೀರ ಚಕ್ರ. ಅದಕ್ಕೂ ಹಿಂದಿನ ವರ್ಷಗಳನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮುಪುರದಲ್ಲಿ 1933ರಲ್ಲಿ ಹುಟ್ಟಿದ ಅವರು ದರ್ಜಿಯ ಮಗ. ತಂದೆಯ ಜೊತೆ ಬಟ್ಟೆ ಹೊಲಿದರೂ ಮನಸ್ಸೆಲ್ಲ ಕುಸ್ತಿ, ದೊಣ್ಣೆವರಸೆ, ಕವಣೆ ಗುರಿಯ ಮೇಲೆ.

1954ರ ಡಿಸೆಂಬರ್‌ನಲ್ಲಿ ಸೈನ್ಯಕ್ಕೆ ಸೇರಿದರು. ರಾಜಸ್ಥಾನದ ನಸೀರಾಬಾದಿನಲ್ಲಿ ತರಬೇತಿ ಮುಗಿಸಿ 4ನೇ ಗ್ರೆನೇಡಿಯರ್ಸ್‌ಗೆ ಹೋದರು. ಅಲ್ಲಿ ಟ್ಯಾಂಕ್ ಹೊಡೆಯುವ ತೋಪಿನಲ್ಲಿ ವರ್ಷಗಟ್ಟಲೆ ಕೈ ಪಳಗಿತು.

ಖೇಮ್‌ಕರಣ್ ಹೊಲಗಳಲ್ಲಿ 1965ರ ಸೆಪ್ಟೆಂಬರ್ 10ರಂದು ಜೀಪಿನಿಂದ ಟ್ಯಾಂಕ್‌ಗಳನ್ನು ಉರುಳಿಸುತ್ತಲೇ ಪ್ರಾಣ ಕೊಟ್ಟರು. ಆಗ ವಯಸ್ಸು ಬರೇ 32.

ಆ ಗುರಿ ಒಂದೇ ದಿನದಲ್ಲಿ ಬಂದದ್ದಲ್ಲ. ಸೈನ್ಯಕ್ಕೆ ಸೇರಬೇಕೆಂದು ಬೆಳಿಗ್ಗೆದ್ದು ಓಡುವ ಮಗನನ್ನು ನಾವು ತಮಾಷೆ ಮಾಡದಿರೋಣ.