ವೃದ್ಧರ ಆಶ್ರಯದಾತೆ ಸಂತ ಜೀನ್ ಜುಗಾನ್

ಆಗಸ್ಟ್ 30 ಸಂತ ಜೀನ್ ಜುಗಾನರ ಹಬ್ಬದ ದಿನ. ಬಡವರ ಕಿರಿಯ ಸೋದರಿಯರು ಎಂಬ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದ ಈ ಫ್ರೆಂಚ್ ಮಹಿಳೆಯ ಹೆಸರು ಬೆಂಗಳೂರಿನ ಹೊಸೂರು ರಸ್ತೆಯ ವೃದ್ಧಾಶ್ರಮವನ್ನು ಬಲ್ಲವರಿಗೆ ಅಪರಿಚಿತವಲ್ಲ. ನಮ್ಮ ಅನೇಕ ಕುಟುಂಬಗಳಲ್ಲಿ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ದೂರದ ನಗರಗಳಲ್ಲೋ ನೆಲೆಸಿದ್ದಾರೆ. ವಯಸ್ಸಾದ ತಾಯಿ ಅಥವಾ ತಂದೆ ಊರಿನ ಮನೆಯಲ್ಲಿ ಒಂಟಿಯಾಗಿ ಉಳಿದಿದ್ದಾರೆ. ಅವರನ್ನು ಆಶ್ರಮಕ್ಕೆ ಸೇರಿಸುವುದು ಸರಿಯೇ, ಸೇರಿಸುವುದಾದರೆ ಎಲ್ಲಿಗೆ ಎಂಬ ಪ್ರಶ್ನೆ ಮನೆಮನೆಯಲ್ಲೂ ಸಂಕಟವನ್ನು ಹುಟ್ಟಿಸುತ್ತಿದೆ. ಈ ಸಂತರ ಜೀವನಚರಿತ್ರೆಯನ್ನು ನಾವು ಇಂದು ಸ್ಮರಿಸುವುದು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ.

ಜೀನ್ ಜುಗಾನ್ 1792ರ ಅಕ್ಟೋಬರ್ 25ರಂದು ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾಂಕಾಲ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ಅದು ಫ್ರೆಂಚ್ ಕ್ರಾಂತಿಯ ಕಾಲ. ಗುರುಗಳು ಮರೆಯಲ್ಲಿದ್ದರು, ಮಕ್ಕಳಿಗೆ ಧರ್ಮೋಪದೇಶವು ಗುಟ್ಟಾಗಿ ನಡೆಯುತ್ತಿತ್ತು. ಮೀನುಗಾರರಾಗಿದ್ದ ತಂದೆ ಸಮುದ್ರಕ್ಕೆ ಹೋದವರು ಮರಳಲಿಲ್ಲ. ಆಗ ಜೀನ್ ನಾಲ್ಕು ವರ್ಷವೂ ತುಂಬದ ಮಗು. ತಾಯಿ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದರು. ಹದಿನಾರರ ಪ್ರಾಯದಲ್ಲಿ ಜೀನ್ ಶ್ರೀಮಂತ ಮಹಿಳೆಯೊಬ್ಬರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ಮದುವೆಯ ಪ್ರಸ್ತಾಪ ಬಂದಾಗ ನಿರಾಕರಿಸಿ, ದೇವರು ತಮ್ಮನ್ನು ಬೇರೊಂದು ಕಾರ್ಯಕ್ಕಾಗಿ ಕಾದಿರಿಸಿದ್ದಾರೆಂದು ತಾಯಿಗೆ ತಿಳಿಸಿದರು. ಆ ಕಾರ್ಯ ಯಾವುದೆಂಬುದು ಆಗ ಅವರಿಗೂ ತಿಳಿದಿರಲಿಲ್ಲ.

ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವರು ಸಮೀಪದ ಸೇಂಟ್ ಸರ್ವಾನ್ ಪಟ್ಟಣಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆಯಲ್ಲಿ ಆರು ವರ್ಷ ರೋಗಿಗಳ ಶುಶ್ರೂಷೆ ಮಾಡಿದರು. ದೇಹ ದಣಿದಾಗ ಅದನ್ನು ಬಿಟ್ಟು, ಭಕ್ತೆಯಾದ ಒಬ್ಬ ಮಹಿಳೆಯ ಮನೆಯಲ್ಲಿ ಹನ್ನೆರಡು ವರ್ಷ ಸೇವೆಯಲ್ಲಿದ್ದರು. ಆ ಮಹಿಳೆ 1835ರಲ್ಲಿ ತೀರಿಕೊಂಡ ಮೇಲೆ ಜೀನ್ ಒಬ್ಬ ವೃದ್ಧೆ ಹಾಗೂ ಒಬ್ಬ ಅನಾಥ ತರುಣಿಯೊಡನೆ ಪುಟ್ಟ ಬಾಡಿಗೆ ಮನೆಯಲ್ಲಿ ವಾಸಿಸತೊಡಗಿದರು.

1839ರ ಚಳಿಗಾಲದಲ್ಲಿ ಅವರ ಬದುಕು ತಿರುವು ಪಡೆಯಿತು. ಕಣ್ಣು ಕಾಣದ, ಅರ್ಧ ದೇಹ ಲಕ್ವ ಹೊಡೆದ ಆನ್ ಶೊವಾನ್ ಎಂಬ ಮುದುಕಿಗೆ ಆಸರೆಯಿಲ್ಲವೆಂದು ತಿಳಿದ ಜೀನ್ ಆಕೆಯನ್ನು ಹೊತ್ತು ಮನೆಗೆ ತಂದು ತಮ್ಮ ಹಾಸಿಗೆಯಲ್ಲಿ ಮಲಗಿಸಿ, ತಾವು ಅಟ್ಟದಲ್ಲಿ ಮಲಗಿದರು. ಬಳಿಕ ಇನ್ನೊಬ್ಬ ವೃದ್ಧೆ ಬಂದರು. ದಿವಾಳಿಯಾದ ತನ್ನ ಧಣಿಗಳನ್ನು ಕೈಬಿಡದೆ, ಕೂಡಿಟ್ಟ ಹಣವನ್ನೆಲ್ಲ ಅವರಿಗಾಗಿ ವ್ಯಯಿಸಿ, ಕೊನೆಗೆ ಅವರಿಗೋಸ್ಕರ ಭಿಕ್ಷೆ ಬೇಡಿದ್ದ ಸೇವಕಿ ಆಕೆ. 1841ರಲ್ಲಿ ಹಿಂದೆ ಹೆಂಡದಂಗಡಿಯಾಗಿದ್ದ ಕಟ್ಟಡವನ್ನು ಬಾಡಿಗೆಗೆ ಹಿಡಿದಾಗ ಹನ್ನೆರಡು ಮಂದಿಗೆ ನೆಲೆ ದೊರೆಯಿತು. ಮರುವರ್ಷ ಹಳೆಯ ಕನ್ಯಾಮಠವೊಂದನ್ನು ಕೊಂಡುಕೊಂಡರು.

ಈ ವೃದ್ಧರಲ್ಲಿ ಅನೇಕರು ಭಿಕ್ಷೆಯಿಂದ ಬದುಕುತ್ತಿದ್ದವರು. ಅವರನ್ನು ಬೀದಿಗೆ ಕಳುಹಿಸುವ ಬದಲು ಜೀನರೇ ಕೈಯಲ್ಲಿ ಬುಟ್ಟಿ ಹಿಡಿದು, ಅವರಿಗೆ ದಾನ ನೀಡುತ್ತಿದ್ದವರ ಬಾಗಿಲುಗಳಿಗೆ ಹೋಗಿ ಬೇಡತೊಡಗಿದರು. ಶಕ್ತಿಯಿದ್ದ ವೃದ್ಧರು ಆಶ್ರಮದಲ್ಲಿ ನೂಲು ತೆಗೆಯುತ್ತ, ಉಣ್ಣೆ ಹಸನು ಮಾಡುತ್ತ ತಮ್ಮ ಪಾಲಿನ ದುಡಿಮೆಯನ್ನು ಸಲ್ಲಿಸುತ್ತಿದ್ದರು. ಯಾರೂ ಅಲ್ಲಿ ಬರಿಯ ಹೊರೆಯಾಗಿರಲಿಲ್ಲ. 1845ರಲ್ಲಿ ಫ್ರೆಂಚ್ ಅಕಾಡೆಮಿಯು ಜೀನರಿಗೆ ಮೊಂತಿಯೊಂ ಪುರಸ್ಕಾರವನ್ನೂ 3,000 ಫ್ರಾಂಕುಗಳನ್ನೂ ನೀಡಿ ಗೌರವಿಸಿತು.

ಆದರೆ ಅಷ್ಟರಲ್ಲೇ ಅವರ ಶಿಲುಬೆಯ ಹಾದಿಯೂ ಆರಂಭವಾಗಿತ್ತು. 1843ರ ಡಿಸೆಂಬರಿನಲ್ಲಿ ಸೋದರಿಯರು ಅವರನ್ನು ಮತ್ತೆ ಶ್ರೇಷ್ಠಿಯಾಗಿ ಆರಿಸಿದರೂ, ಮಾರ್ಗದರ್ಶಕ ಗುರು ಲೆ ಪಯ್ಯೂರ್ ಆ ಚುನಾವಣೆಯನ್ನು ರದ್ದುಗೊಳಿಸಿ ಕಿರಿಯ ಸೋದರಿಯೊಬ್ಬರನ್ನು ನೇಮಿಸಿದರು. ಜೀನ್ ಪ್ರತಿಭಟಿಸದೆ ಮತ್ತೆ ಬುಟ್ಟಿ ಹಿಡಿದು ಹೊರಟರು. ರೆನ್, ದಿನಾನ್, ತೂರ್, ಆಂಜೇ ಪಟ್ಟಣಗಳಲ್ಲಿ ಆಶ್ರಮಗಳು ಎದ್ದವು. 1852ರಲ್ಲಿ ರೆನ್ ಧರ್ಮಾಧ್ಯಕ್ಷರು ಸಭೆಗೆ ಮಾನ್ಯತೆ ನೀಡಿದರು. ಅದೇ ವರ್ಷ ಜೀನರನ್ನು ಹೊರಗಿನ ಕೆಲಸದಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಮುಂದಿನ 27 ವರ್ಷ ಅವರು ಶಿಲುಬೆಯ ಸಿಸ್ಟರ್ ಮೇರಿಯಾಗಿ ಮರೆಯಲ್ಲಿ ಬದುಕಿದರು. ತಮ್ಮ ನಡುವೆ ಓಡಾಡುವ ಈ ಮುದುಕಿಯೇ ಸಭೆಯ ಸ್ಥಾಪಕಿಯೆಂದು ಅನೇಕ ತರುಣ ಸೋದರಿಯರಿಗೆ ಗೊತ್ತಿರಲಿಲ್ಲ. 1865ರಲ್ಲಿ ಮಾತ್ರ ಅವರ ಅಭಿಪ್ರಾಯ ಕೇಳಲಾಯಿತು: ಸಭೆಯು ಶಾಶ್ವತ ವರಮಾನದ ಆಸ್ತಿಯನ್ನು ಸ್ವೀಕರಿಸಬಹುದೇ? ಬೇಡ, ದೈವಪಾಲನೆಯನ್ನೇ ನಂಬಿ ನಡೆಯೋಣವೆಂಬುದು ಅವರ ಸಲಹೆಯಾಗಿತ್ತು. 1879ರ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದಾಗ ಸಭೆಯಲ್ಲಿ ಸುಮಾರು 2,400 ಸೋದರಿಯರಿದ್ದರು. ಸತ್ಯ ಹೊರಬರಲು ಕಾಲ ಹಿಡಿಯಿತು. 1890ರಲ್ಲಿ ಲೆ ಪಯ್ಯೂರರನ್ನು ರೋಮ್ ಅಧಿಕಾರದಿಂದ ಇಳಿಸಿತು. 1982ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಜೀನರನ್ನು ಪುನೀತರ ಸಾಲಿಗೂ, 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಸಂತರ ಸಾಲಿಗೂ ಸೇರಿಸಿದರು. ಭಾರತದಲ್ಲಿ ಈ ಸೋದರಿಯರ ಸೇವೆ 1882ರಲ್ಲಿ ಕಲ್ಕತ್ತದಲ್ಲಿ ಆರಂಭವಾಗಿ, 1900ರಲ್ಲಿ ಬೆಂಗಳೂರಿಗೂ ಬಂದಿತು.

ಈ ಜೀವನದಿಂದ ನಾವು ಕಲಿಯಬೇಕಾದುದೇನು? ಆಶ್ರಮವನ್ನು ಹುಡುಕುವಾಗ ನಾವು ಮೊದಲು ನೋಡುವುದು ಕಟ್ಟಡವನ್ನು, ಕೇಳುವುದು ತಿಂಗಳ ಶುಲ್ಕವನ್ನು. ಜೀನರ ಮೊದಲ ಆಶ್ರಮ ಒಂದು ಹಾಸಿಗೆಯಷ್ಟೇ ಆಗಿತ್ತು. ಆದುದರಿಂದ ಊಟದ ಹೊತ್ತಿಗೆ ಹೋಗಿ, ಕೈ ನಡುಗುವವರಿಗೆ ಉಣಿಸುವವರು ಇದ್ದಾರೆಯೇ, ರಾತ್ರಿ ಕರೆದರೆ ಓಗೊಡುವವರು ಯಾರು ಎಂಬುದನ್ನು ನೋಡಬೇಕು. ಅಲ್ಲಿನ ವೃದ್ಧರನ್ನೇ ಮಾತನಾಡಿಸಬೇಕು. ಅವರವರ ಶಕ್ತಿಗೆ ತಕ್ಕ ಕೆಲಸವಿದೆಯೇ, ಬಲಿಪೂಜೆ ಹಾಗೂ ಪರಮಪ್ರಸಾದದ ಅನುಕೂಲವಿದೆಯೇ, ಕಾಯಿಲೆ ಉಲ್ಬಣಿಸಿದಾಗ ಕೊನೆಯವರೆಗೂ ನೋಡಿಕೊಳ್ಳುವರೇ ಎಂದು ಮೊದಲೇ ಕೇಳಿ ತಿಳಿಯಬೇಕು.

ಎಲ್ಲಕ್ಕಿಂತ ಮೊದಲು, ಹೋಗಿ ಇರಬೇಕಾದವರನ್ನೇ ಕೇಳಬೇಕು. ಅಣ್ಣತಮ್ಮಂದಿರು ಫೋನಿನಲ್ಲಿ ತೀರ್ಮಾನಿಸಿ, ಅಮ್ಮನಿಗೆ ಪೆಟ್ಟಿಗೆ ಕಟ್ಟುವ ದಿನ ತಿಳಿಸುವುದು ನ್ಯಾಯವಲ್ಲ. ಸಾಧ್ಯವಿದ್ದರೆ ಅವರನ್ನು ಕರೆದೊಯ್ದು ತೋರಿಸಿ, ಕೆಲವು ದಿನ ಇದ್ದು ನೋಡಲು ಬಿಡಬೇಕು. ಮಕ್ಕಳಿಗೆ ನಿಜವಾಗಿಯೂ ನೋಡಿಕೊಳ್ಳಲಾಗದ ಸ್ಥಿತಿಯಲ್ಲಿ ಒಳ್ಳೆಯ ಆಶ್ರಮವನ್ನು ಆರಿಸುವುದು ಪಾಪವಲ್ಲ. ಸೇರಿಸಿ ಮರೆತುಬಿಡುವುದು ಮಾತ್ರ ತಂದೆತಾಯಿಯನ್ನು ಗೌರವಿಸಬೇಕೆಂಬ ದೇವರ ಆಜ್ಞೆಗೆ ವಿರುದ್ಧ.

ಜೀನರಿಗೆ ಆ ವೃದ್ಧೆ ರಕ್ತಸಂಬಂಧಿಯಾಗಿರಲಿಲ್ಲ. ಆದರೂ ತಮ್ಮ ಹಾಸಿಗೆಯನ್ನು ಬಿಟ್ಟುಕೊಟ್ಟರು. ಹೆತ್ತವರಿಗಾಗಿ ನಾವು ತಿಂಗಳಿಗೊಂದು ಭಾನುವಾರವನ್ನಾದರೂ ಬಿಟ್ಟುಕೊಡೋಣ. ಭೇಟಿಗೆ ಯಾರೂ ಬಾರದ ವೃದ್ಧರು ನಮ್ಮ ಧರ್ಮಕೇಂದ್ರದ ಸಮೀಪದ ಆಶ್ರಮದಲ್ಲಿದ್ದರೆ, ಈ ಹಬ್ಬದ ದಿನ ಅವರನ್ನು ಕಂಡುಬರೋಣ.